ಲಂಡನ್ ನಗರವೂ ಅಕ್ರಮ ಫಲಕಗಳೂ: ಆರೂವರೆ ಶತಮಾನಗಳ ಹಗ್ಗಜಗ್ಗಾಟ

(ಬಳಗದ ಉಪನ್ಯಾಸ ಮಾಲೆಯಲ್ಲಿ ಅತಿಥಿ ಉಪನ್ಯಾಸಕರು ನೀಡಿದ ಭಾಷಣದ ಪಠ್ಯ)



ಇತಿಹಾಸವೆಂದೊಡನೆ ಅರಸರ ಯುದ್ಧಗಳು, ಒಪ್ಪಂದಗಳು, ವಂಶಾವಳಿಗಳು ನಮ್ಮ ಕಣ್ಣ ಮುಂದೆ ಬರುವುದು ಸಹಜ. ಈ ಸಂಜೆ ನಾನು ಆಯ್ದುಕೊಂಡಿರುವ ವಿಷಯ ಅಷ್ಟೊಂದು ಘನವಾದುದಲ್ಲ. ನಗರವೊಂದು ತನ್ನ ಬೀದಿಗಳಲ್ಲಿ ಅನುಮತಿಯಿಲ್ಲದೆ ತಲೆಯೆತ್ತುವ ಫಲಕಗಳನ್ನೂ ಗೋಡೆಗಳಿಗೆ ಅಂಟಿಕೊಳ್ಳುವ ಭಿತ್ತಿಪತ್ರಗಳನ್ನೂ ಹೇಗೆ ಹತೋಟಿಯಲ್ಲಿಡುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ತಮ್ಮಲ್ಲಿ ಹಲವರು ನಿತ್ಯ ಓಡಾಡುವ ಲಂಡನ್ ನಗರವೇ ಸಾಕು.

ಈ ವಿಷಯವನ್ನು ಎತ್ತಿಕೊಳ್ಳಲು ಒಂದು ಕಾರಣವುಂಟು. ರಜೆಯಲ್ಲಿ ಬೆಂಗಳೂರಿಗೆ ಹೋಗಿ ಬಂದವರು, ಅಲ್ಲಿನ ವೃತ್ತವೃತ್ತಗಳಲ್ಲಿ ತೂಗುವ ಫ್ಲೆಕ್ಸ್‌ಗಳನ್ನು ಕಂಡು ಬೇಸತ್ತು, "ಅಲ್ಲಿ ಕಾನೂನೇ ಇಲ್ಲ, ಇಲ್ಲಿನ ಜನ ಸ್ವಭಾವತಃ ಶಿಸ್ತಿನವರು" ಎಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಈ ಮಾತಿನ ಎರಡು ಭಾಗಗಳನ್ನೂ ಇತಿಹಾಸ ಸಮರ್ಥಿಸುವುದಿಲ್ಲ. ಅಲ್ಲಿ ಕಾನೂನು ಇತ್ತು, ಇದೆ. ಇಲ್ಲಿನ ಜನರೋ, ಶತಮಾನಗಳ ಕಾಲ ಫಲಕಗಳ ಕಾನೂನನ್ನು ನಿರಾತಂಕವಾಗಿ ಮುರಿಯುತ್ತಲೇ ಬಂದವರು. ಅಂದ ಮೇಲೆ ವ್ಯತ್ಯಾಸವನ್ನು ಜನರ ಸ್ವಭಾವದಲ್ಲಿ ಹುಡುಕದೆ ಬೇರೆಡೆ ಹುಡುಕಬೇಕಾಗುತ್ತದೆ.

ಆರಂಭದ ದಾಖಲೆಯೊಂದನ್ನು ನೋಡೋಣ. ಹದಿನಾಲ್ಕನೆಯ ಶತಮಾನದ ಲಂಡನ್ನಿನಲ್ಲಿ ಮದ್ಯದಂಗಡಿಯ ಗುರುತು ಎಂದರೆ ಬೀದಿಯ ಮೇಲಕ್ಕೆ ಚಾಚಿದ ಒಂದು ಉದ್ದನೆಯ ಗಳು, ಅದರ ತುದಿಯಲ್ಲಿ ಸೊಪ್ಪಿನ ಕಟ್ಟು. ಅಕ್ಷರ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಅದೇ ನಾಮಫಲಕ. ಪಕ್ಕದ ಅಂಗಡಿಯ ಗಳುವಿಗಿಂತ ತನ್ನದು ಒಂದು ಗೇಣು ಉದ್ದವಿರಬೇಕೆಂಬ ಪೈಪೋಟಿ ಆಗಲೂ ಇತ್ತು. ಗಳುಗಳು ಕುದುರೆ ಸವಾರರ ತಲೆಗೆ ತಾಗುತ್ತವೆ, ಅವುಗಳ ಭಾರಕ್ಕೆ ಮನೆಗಳೇ ಶಿಥಿಲವಾಗುತ್ತಿವೆ ಎಂದು ನಾಗರಿಕರು ದೂರಿತ್ತರು. 1375ರಲ್ಲಿ ಮೇಯರ್ ಮತ್ತು ಆಲ್ಡರ್‌ಮನ್ನರು ನಗರದ ಮದ್ಯ ವ್ಯಾಪಾರಿಗಳನ್ನೆಲ್ಲ ಕರೆಸಿ, ಯಾವ ಗಳುವೂ ರಾಜಬೀದಿಯ ಮೇಲೆ 7 ಅಡಿಗಿಂತ ಹೆಚ್ಚು ಚಾಚಬಾರದೆಂದು ವಿಧಿಸಿದರು. ತಪ್ಪಿದಲ್ಲಿ ಪ್ರತಿಸಾರಿಯೂ ಗಿಲ್ಡ್‌ಹಾಲಿಗೆ 40 ಪೆನ್ನಿ ದಂಡ. ಅಳತೆ, ದಂಡ, ಅಧಿಕಾರಿ, ಮುಂಚಿತವಾಗಿ ತಿಳಿವಳಿಕೆ, ಎಲ್ಲವೂ ಅಲ್ಲಿದ್ದವು. ಇಂದಿನ ಪಾಲಿಕೆಗಳ ಉಪವಿಧಿಗಳಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ ಎಂದರೂ ತಪ್ಪಾಗಲಾರದು.

ಆದರೂ ಫಲಕಗಳು ಬೆಳೆಯುತ್ತಲೇ ಹೋದವು. ಇದಕ್ಕೆ ಮುಖ್ಯ ಕಾರಣ, ಅವುಗಳಿಲ್ಲದೆ ನಗರದ ವ್ಯವಹಾರವೇ ಸಾಗುವಂತಿರಲಿಲ್ಲ. ಮನೆಗಳಿಗೆ ಸಂಖ್ಯೆಗಳಿರಲಿಲ್ಲ. ಪತ್ರದ ಮೇಲಿನ ವಿಳಾಸ, ಪುಸ್ತಕದ ಮುಖಪುಟದಲ್ಲಿ ಮಾರಾಟಗಾರನ ಗುರುತು, ಸಾಲಪತ್ರದಲ್ಲಿ ಸಾಹುಕಾರನ ನೆಲೆ, ಎಲ್ಲವೂ "ಇಂಥ ಬೀದಿಯ ಇಂಥ ಫಲಕದ ಬಳಿ" ಎಂದೇ ಇರಬೇಕು. ಮೊದಲನೆಯ ಚಾರ್ಲ್ಸ್ ದೊರೆ ತನ್ನ ಆಳ್ವಿಕೆಯಲ್ಲಿ ನಗರಕ್ಕೆ ನೀಡಿದ ಸನ್ನದಿನಲ್ಲಿ, ನಾಗರಿಕರ ಮನೆ, ಅಂಗಡಿ, ಕಸುಬುಗಳು ಸುಲಭವಾಗಿ ಪತ್ತೆಯಾಗಲೆಂಬ ಕಾರಣಕ್ಕೆ ಬೀದಿಯ ಮೇಲೆ ಫಲಕ ತೂಗಿಸುವ ಹಕ್ಕನ್ನೇ ದಯಪಾಲಿಸಿದ. ನಗರ ಒಂದು ಕೈಯಿಂದ ತಡೆದದ್ದನ್ನು ಅರಸ ಇನ್ನೊಂದು ಕೈಯಿಂದ ಕೊಟ್ಟಂತಾಯಿತು.

1666ರ ಮಹಾ ಬೆಂಕಿಯಲ್ಲಿ ಸುಮಾರು 13,200 ಮನೆಗಳು ಸುಟ್ಟು ಹೋದವು. ನಗರವನ್ನು ಮರಳಿ ಕಟ್ಟುವಾಗ, ಫಲಕಗಳು ಬೀದಿಗೆ ಅಡ್ಡವಾಗಿ ತೂಗಬಾರದು, ಮನೆಯ ಮುಂಭಾಗಕ್ಕೆ ಒತ್ತಿಕೊಂಡಿರಬೇಕು ಎಂಬ ನಿಯಮವೂ ಬಂತು. ಬೀದಿಗಳನ್ನು ಅಗಲಗೊಳಿಸಲು, ಮನೆಗಳನ್ನು ಇಟ್ಟಿಗೆಯಲ್ಲೇ ಕಟ್ಟಲು ವಿಧಿಸಿದ ನಿಯಮಗಳು ಬಹುಮಟ್ಟಿಗೆ ಜಾರಿಯಾದವು. ಫಲಕಗಳ ನಿಯಮ ಮಾತ್ರ ಕಾಗದದಲ್ಲೇ ಉಳಿಯಿತು. ಹಳೆಯ ಅಗತ್ಯ ಹಾಗೆಯೇ ಇದ್ದುದರಿಂದ ಒಂದೆರಡು ತಲೆಮಾರುಗಳೊಳಗೆ ಕಬ್ಬಿಣದ ತೋಳುಗಳ ಮೇಲೆ ಮತ್ತೆ ಹಂದಿ, ಸಿಂಹ, ಹಂಸ, ಸೂರ್ಯ, ಚಂದ್ರರು ಬೀದಿಯ ಆಕಾಶವನ್ನು ತುಂಬಿದರು. ನೀಲಿ ಹಂದಿ, ಕರಿ ಹಂಸ, ಕೆಂಪು ಸಿಂಹಗಳ ಈ ವಿಚಿತ್ರ ಮೃಗಾಲಯವನ್ನು ಜೋಸೆಫ್ ಅಡಿಸನ್ 1711ರಲ್ಲಿ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಹಾಸ್ಯ ಮಾಡಿದ್ದಾನೆ. ಫಲಕಗಳ ಮೇಲ್ವಿಚಾರಣೆಗೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಬೇಕೆಂಬ ಸಲಹೆ ಅವನ ಲೇಖನದಲ್ಲಿ ವಿನೋದವಾಗಿ ಬರುತ್ತದೆ.

ಆದರೆ ಅದು ವಿನೋದದಲ್ಲೇ ಮುಗಿಯುವ ಸಂಗತಿಯಾಗಿರಲಿಲ್ಲ. ಮರ, ಸೀಸ, ಕಬ್ಬಿಣಗಳಿಂದ ಮಾಡಿದ ಈ ಫಲಕಗಳು ಅತಿಭಾರವಾಗಿದ್ದವು. 1718ರಲ್ಲಿ ಫ್ಲೀಟ್ ಬೀದಿಗೆ ಸೇರಿದ ಬ್ರೈಡ್ ಲೇನ್ ಎಂಬಲ್ಲಿ ಫಲಕವೊಂದು ತನ್ನೊಡನೆ ಮನೆಯ ಮುಂಗೋಡೆಯನ್ನೇ ಕೆಡವಿಕೊಂಡು ಬಿದ್ದು, ದಾರಿಯಲ್ಲಿದ್ದ ನಾಲ್ವರು ಪ್ರಾಣ ಬಿಟ್ಟರು. 1375ರಲ್ಲಿ ನಾಗರಿಕರು ಏನನ್ನು ಅಂಜಿದ್ದರೋ ಅದೇ ನಡೆಯಿತು. ಅಷ್ಟಾದರೂ ತೂಗುಫಲಕಗಳು ಹೋಗಲು ಇನ್ನೂ ನಲವತ್ತಕ್ಕೂ ಮಿಕ್ಕಿ ವರ್ಷಗಳು ಹಿಡಿದವು. ದುರಂತವೊಂದೇ ಕಾನೂನನ್ನು ಜಾರಿಗೆ ತರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಬದಲಾವಣೆ ಬಂದದ್ದು 1762ರಲ್ಲಿ. ಆ ವರ್ಷ ಪಾರ್ಲಿಮೆಂಟು ವೆಸ್ಟ್‌ಮಿನ್ಸ್ಟರ್ ಭಾಗಕ್ಕೆ ಅನ್ವಯಿಸುವ ಬೀದಿ ಹಾಸುಗಲ್ಲಿನ ಶಾಸನವನ್ನು ಅಂಗೀಕರಿಸಿತು. ಅಲ್ಲಿಯವರೆಗೆ ತನ್ನ ಮನೆಯ ಮುಂದಿನ ಬೀದಿಯನ್ನು ಆಯಾ ಗೃಹಸ್ಥನೇ ಹಾಸಿ ಕಾಪಾಡಬೇಕಿತ್ತು. ಪರಿಣಾಮವಾಗಿ ಒಂದು ಮನೆಯ ಮುಂದೆ ಎತ್ತರ, ಇನ್ನೊಂದರ ಮುಂದೆ ತಗ್ಗು, ಮೂರನೆಯದರ ಮುಂದೆ ಬರಿಯ ಕೆಸರು. ಹೊಸ ಶಾಸನ ಈ ಹೊಣೆಯನ್ನು ಗೃಹಸ್ಥರಿಂದ ಕಿತ್ತುಕೊಂಡು ಆಯುಕ್ತರ ಮಂಡಲಿಯೊಂದಕ್ಕೆ ವಹಿಸಿ, ಅದಕ್ಕೆ ತೆರಿಗೆಯ ಹಣವನ್ನೂ ಒದಗಿಸಿತು. ಬೀದಿಗೆ ಗ್ರಾನೈಟ್ ಕಲ್ಲು, ಪಾದಚಾರಿಗಳಿಗೆ ಚಪ್ಪಡಿಯ ಕಾಲುದಾರಿ, ದೀಪಗಳು, ಚರಂಡಿ, ಇವೆಲ್ಲದರ ಜೊತೆಗೆ ಬೀದಿಗೆ ಚಾಚಿದ ಫಲಕಗಳನ್ನು ತೆಗೆಸುವ ಅಧಿಕಾರವೂ ಆ ಮಂಡಲಿಗೆ ದೊರೆಯಿತು. ಬೀದಿಯಿಂದ ಬೀದಿಗೆ ಕೆಲಸ ಸಾಗಿದಂತೆ ತೂಗುಫಲಕಗಳು ಇಳಿದವು. 1766ರಲ್ಲಿ ಸಿಟಿ ಭಾಗವೂ ತನ್ನದೇ ಶಾಸನದ ಮೂಲಕ ಇದನ್ನು ಅನುಸರಿಸಿತು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಒಂದು, ಫಲಕ ತೆಗೆಯುವ ಕೆಲಸ ಒಂದು ಪ್ರತ್ಯೇಕ ದಂಡಯಾತ್ರೆಯಾಗಿರಲಿಲ್ಲ. ಅದು ಬೀದಿಯನ್ನು ಸುಧಾರಿಸುವ ಕಾರ್ಯದ ಒಂದು ಭಾಗವಾಗಿತ್ತು. ಅಂಗಡಿಯವನು ತನ್ನ ಫಲಕವನ್ನು ಕಳೆದುಕೊಂಡ, ನಿಜ. ಆದರೆ ಬದಲಿಗೆ ಗಿರಾಕಿಗಳು ಕೆಸರು ತುಳಿಯದೆ ಬರಬಲ್ಲ ಕಾಲುದಾರಿ ಅವನಿಗೆ ದೊರೆಯಿತು. ಎರಡನೆಯದು, ಫಲಕ ಮಾಡುತ್ತಿದ್ದ ಕೆಲಸಕ್ಕೆ ಬದಲಿ ವ್ಯವಸ್ಥೆ ಬಂತು. ಅದೇ ಮನೆಗಳ ಸಂಖ್ಯೆ. ಪ್ರೆಸ್ಕಾಟ್ ಬೀದಿಯ ಮನೆಗಳಿಗೆ ಫಲಕಗಳ ಬದಲು ಸಂಖ್ಯೆಗಳಿವೆ ಎಂಬುದು 1708ರಲ್ಲೇ ಒಂದು ವಿಶೇಷವೆಂಬಂತೆ ದಾಖಲಾಗಿದೆ. 1760ರ ದಶಕದಲ್ಲಿ ಅದು ನಗರದ ಸಾಮಾನ್ಯ ಪದ್ಧತಿಯಾಗತೊಡಗಿತು. 1667ರ ನಿಯಮ ಸೋತಲ್ಲಿ 1762ರ ನಿಯಮ ಗೆದ್ದುದರ ಗುಟ್ಟು ಇಷ್ಟೇ: ಮೊದಲನೆಯದು "ಬೇಡ" ಎಂದಷ್ಟೇ ಹೇಳಿತು, ಎರಡನೆಯದರ ಕಾಲಕ್ಕೆ "ಬದಲಿಗೆ ಇದು" ಎಂದು ತೋರಿಸಲು ಸಾಧ್ಯವಾಯಿತು.

ಈ ಗೆಲುವಿಗೆ ಬೆಲೆ ತೆತ್ತವರೂ ಇದ್ದರು. ಷೂ ಲೇನಿನ ಬಳಿಯ ಹಾರ್ಪ್ ಆಲಿ ಎಂಬ ಗಲ್ಲಿ ಫಲಕ ಬರೆಯುವವರ, ಮಾರುವವರ ಪೇಟೆಯಾಗಿತ್ತು. ತಲೆಮಾರುಗಳಿಂದ ಬಂದ ಅವರ ಕಸುಬು ಕೆಲವೇ ವರ್ಷಗಳಲ್ಲಿ ಸೊರಗಿತು. ಅದೇ 1762ರಲ್ಲಿ ಬಾನೆಲ್ ಥಾರ್ನ್‌ಟನ್ ಎಂಬ ಪತ್ರಕರ್ತ, ಖ್ಯಾತ ಚಿತ್ರಕಾರ ಹೋಗಾರ್ತನ ನೆರವಿನೊಡನೆ, ಬೀದಿ ಫಲಕಗಳದೇ ಒಂದು ಪ್ರದರ್ಶನವನ್ನು ಏರ್ಪಡಿಸಿದ. ಕಲಾವಿದರ ಸಂಘದ ಗಂಭೀರ ಪ್ರದರ್ಶನಗಳನ್ನು ಅಣಕಿಸುವುದು ಅದರ ಉದ್ದೇಶ. ಆದರೂ ಇಂದು ಹಿಂತಿರುಗಿ ನೋಡುವವರಿಗೆ ಅದು ಅಳಿಯುತ್ತಿದ್ದ ಜನಪದ ಕಲೆಯೊಂದಕ್ಕೆ ಸಲ್ಲಿಸಿದ ವಿದಾಯದಂತೆ ತೋರಿದರೆ ಆಶ್ಚರ್ಯವಿಲ್ಲ. ಲೊಂಬಾರ್ಡ್ ಬೀದಿಯಲ್ಲಿ ಈಗಲೂ ಕಾಣುವ ಮಿಡತೆ ಮೊದಲಾದ ತೂಗುಫಲಕಗಳು ಹಳೆಯ ಕಾಲದಿಂದ ಉಳಿದು ಬಂದವಲ್ಲ. ಅವು 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ಸಂದರ್ಭಕ್ಕೆಂದು ಮರಳಿ ತೂಗಿಸಿದವು.

ತೂಗುಫಲಕ ಹೋದ ಮೇಲೆ ಗೋಡೆಯ ಸರದಿ ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಮುದ್ರಣ ಅಗ್ಗವಾದಂತೆ ಲಂಡನ್ನಿನ ಗೋಡೆ, ಬೇಲಿ, ಸೇತುವೆಯ ಕಂಬಗಳೆಲ್ಲ ಭಿತ್ತಿಪತ್ರಗಳಿಂದ ಮುಚ್ಚಿಹೋದವು. ಬೆಳಿಗ್ಗೆ ಒಬ್ಬ ಅಂಟಿಸಿದ ಹಾಳೆಯ ಮೇಲೆ ಮಧ್ಯಾಹ್ನ ಇನ್ನೊಬ್ಬನ ಹಾಳೆ. ಈ ಕಸುಬಿನ ಒಳಹೊರಗನ್ನು ಚಾರ್ಲ್ಸ್ ಡಿಕನ್ಸ್ 1851ರಲ್ಲಿ ತನ್ನ ವಾರಪತ್ರಿಕೆಯಲ್ಲಿ ವಿವರವಾಗಿ ಬರೆದಿದ್ದಾನೆ. 1839ರ ಮಹಾನಗರ ಪೊಲೀಸ್ ಶಾಸನ, ಒಡೆಯನ ಒಪ್ಪಿಗೆಯಿಲ್ಲದೆ ಗೋಡೆಗೆ ಭಿತ್ತಿಪತ್ರ ಅಂಟಿಸುವುದನ್ನು ಅಪರಾಧವೆಂದು ಸಾರಿ 40 ಷಿಲ್ಲಿಂಗಿನವರೆಗೆ ದಂಡ ಗೊತ್ತುಪಡಿಸಿತು. ಆದರೆ ಈ ಶಾಸನದ ದೃಷ್ಟಿ ನೆಟ್ಟಿದ್ದು ಅಂಟಿನ ಬಕೆಟ್ ಹಿಡಿದು ರಾತ್ರಿಯಲ್ಲಿ ಓಡಾಡುವ ಕೂಲಿಯವನ ಮೇಲೆ. ಸಿಕ್ಕಿಬಿದ್ದವನು ದಂಡ ತೆತ್ತರೆ ಮರುದಿನ ಅದೇ ಕೆಲಸಕ್ಕೆ ಇನ್ನೊಬ್ಬ ಬಡವ ಸಿದ್ಧನಿರುತ್ತಿದ್ದ. ಭಿತ್ತಿಪತ್ರದ ಮೇಲೆ ಯಾರ ಹೆಸರು ದಪ್ಪಕ್ಷರದಲ್ಲಿತ್ತೋ ಆತ ನೆಮ್ಮದಿಯಾಗಿ ಮಲಗಿರುತ್ತಿದ್ದ.

ಇದಕ್ಕೆ ಭಾಗಶಃ ಪರಿಹಾರ ಒದಗಿದ್ದು ವ್ಯಾಪಾರದ ಒಳಗಿನಿಂದಲೇ. ಹೋರ್ಡಿಂಗ್ ಎಂದು ನಾವು ಕನ್ನಡದಲ್ಲೂ ಬಳಸುವ ಶಬ್ದಕ್ಕೆ ಮೂಲದಲ್ಲಿ ಕಟ್ಟಡದ ಕೆಲಸ ನಡೆಯುವ ಜಾಗದ ಸುತ್ತ ಕಟ್ಟುವ ತಾತ್ಕಾಲಿಕ ಹಲಗೆಬೇಲಿ ಎಂದೇ ಅರ್ಥ. ಗುತ್ತಿಗೆದಾರರು ಈ ಬೇಲಿಗಳನ್ನು ಬಾಡಿಗೆಗೆ ಹಿಡಿದು, ಅಲ್ಲಿ ಹಣ ಪಡೆದು ಜಾಹೀರಾತು ಅಂಟಿಸತೊಡಗಿದರು. ಬಾಡಿಗೆ ತೆತ್ತವನಿಗೆ ಪುಕ್ಕಟೆ ಅಂಟಿಸುವವನ ಮೇಲೆ ಸಿಟ್ಟು ಬರುವುದು ಸಹಜವಷ್ಟೆ. ಹೀಗೆ ಸಕ್ರಮ ಜಾಹೀರಾತಿನವರೇ ಅಕ್ರಮ ಜಾಹೀರಾತಿನ ಮೇಲೆ ಕಣ್ಣಿಡುವಂತಾಯಿತು. ಬೆಂಗಳೂರಿನ ಹಳೆಯ ಕಾಂಪೌಂಡ್ ಗೋಡೆಗಳ ಮೇಲೆ ಕಾಣುವ "ಸ್ಟಿಕ್ ನೋ ಬಿಲ್ಸ್" ಎಂಬ ಬರಹದ ಪೂರ್ವಜರು ಈ ಕಾಲದ ಲಂಡನ್ನಿನ ಗೋಡೆಗಳಲ್ಲೇ ಇದ್ದಾರೆ.

ಶತಮಾನದ ಕೊನೆಗೆ ಮತ್ತೊಂದು ಪಿಡುಗು ಕಾಣಿಸಿಕೊಂಡಿತು. ಕಟ್ಟಡಗಳ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ಎಬ್ಬಿಸಿ, ಆಕಾಶದ ಹಿನ್ನೆಲೆಯಲ್ಲಿ ದೈತ್ಯಾಕ್ಷರಗಳನ್ನು ನಿಲ್ಲಿಸುವ "ಆಕಾಶ ಫಲಕ"ಗಳವು. ಗಾಳಿಗೆ ಉರುಳುವ ಭಯ ಒಂದು ಕಡೆ, ನಗರದ ಮೇಲುಗೆರೆಯೇ ವಿಕಾರವಾಗುವ ದುಃಖ ಇನ್ನೊಂದು ಕಡೆ. ಆಗಷ್ಟೇ ಹುಟ್ಟಿದ್ದ ಲಂಡನ್ ಕೌಂಟಿ ಕೌನ್ಸಿಲಿನ ಒತ್ತಾಯದಿಂದ 1891ರಲ್ಲಿ ಆಕಾಶ ಫಲಕಗಳ ಶಾಸನವೇ ಬಂತು. ಹೊಸವುಗಳಿಗೆ ನಿಷೇಧ, ಇದ್ದವುಗಳಿಗೆ ಪರಿಶೀಲನೆ ಮತ್ತು ಗಡುವು. ಈ ಕಾನೂನು ಬೇಗನೆ ಫಲ ಕೊಟ್ಟಿತು. ರಾತ್ರೋರಾತ್ರಿ ಅಂಟಿಸಿ ಓಡಲು ಅದು ಕಾಗದವಲ್ಲ. ಪ್ರತಿಯೊಂದು ಚೌಕಟ್ಟಿನ ಕೆಳಗೆ ಒಂದು ಕಟ್ಟಡವಿತ್ತು, ಕಟ್ಟಡಕ್ಕೆ ಒಬ್ಬ ಒಡೆಯನಿದ್ದ. ಹೊಣೆಗಾರ ಯಾರೆಂಬುದು ಸ್ಪಷ್ಟವಾದಲ್ಲಿ ಕಾನೂನಿಗೆ ಕೈ ಬರುತ್ತದೆ ಎಂಬ ಪಾಠ ಇಲ್ಲಿ ಮೊದಲ ಬಾರಿಗೆ ಚೆನ್ನಾಗಿ ಗೋಚರಿಸಿತು.

ಇಪ್ಪತ್ತನೆಯ ಶತಮಾನದ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ರಿಚರ್ಡ್‌ಸನ್ ಎವಾನ್ಸ್ ಮೊದಲಾದವರು 1893ರಲ್ಲಿ ಸ್ಥಾಪಿಸಿದ ಜಾಹೀರಾತು ವಿರೋಧಿ ಸಂಘದ ಪರಿಶ್ರಮದಿಂದ 1907ರಲ್ಲಿ ಮೊದಲ ರಾಷ್ಟ್ರೀಯ ಶಾಸನ ಬಂದು, ಉಪವಿಧಿಗಳನ್ನು ರಚಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ ದೊರೆಯಿತು. 1947ರ ನಗರ ಮತ್ತು ಗ್ರಾಮ ಯೋಜನಾ ಶಾಸನ, ಅದರಡಿಯಲ್ಲಿ 1948ರಲ್ಲಿ ಬಂದ ನಿಯಮಾವಳಿ, ಈ ಎರಡೂ ಸೇರಿ ಎಲ್ಲ ಹೊರಾಂಗಣ ಜಾಹೀರಾತನ್ನೂ ಒಂದೇ ಚೌಕಟ್ಟಿಗೆ ತಂದವು. ಆ ಚೌಕಟ್ಟಿನ ಒಂದು ಸೂತ್ರ ಬಹು ವಿವೇಕದ್ದು. ಫಲಕವೊಂದನ್ನು ಪರಿಶೀಲಿಸುವಾಗ ಅಧಿಕಾರಿ ನೋಡಬೇಕಾದುದು ಪರಿಸರದ ಸೌಷ್ಠವ ಮತ್ತು ಸಾರ್ವಜನಿಕ ಸುರಕ್ಷತೆ, ಇವೆರಡನ್ನೇ. ಫಲಕ ಏನು ಹೇಳುತ್ತದೆ, ಯಾರನ್ನು ಹೊಗಳುತ್ತದೆ ಎಂಬುದು ಅವನಿಗೆ ಸಂಬಂಧಪಟ್ಟದ್ದಲ್ಲ. ಇದರಿಂದ ಆಳುವವರ ಫಲಕಕ್ಕೊಂದು ನ್ಯಾಯ, ವಿರೋಧಿಗಳ ಫಲಕಕ್ಕೊಂದು ನ್ಯಾಯ ಎಂಬುದಕ್ಕೆ ಅವಕಾಶ ಕಡಿಮೆಯಾಗುತ್ತದೆ.

ಈಗ ಜಾರಿಯಲ್ಲಿರುವುದು 1990ರ ಯೋಜನಾ ಶಾಸನ. ಅನುಮತಿಯಿಲ್ಲದೆ ಮನೆ ವಿಸ್ತರಿಸಿದವರಿಗೆ ಮೊದಲು ನೋಟೀಸು ಬರುತ್ತದೆ, ಅದನ್ನು ಪಾಲಿಸದಿದ್ದಾಗ ಮಾತ್ರ ಅಪರಾಧ ಎಂಬುದು ಇಲ್ಲಿ ಮನೆ ಮಾಡಿರುವ ತಮಗೆ ತಿಳಿದಿರಬಹುದು. ಜಾಹೀರಾತಿನ ವಿಷಯದಲ್ಲಿ ಹಾಗಲ್ಲ. ಅನುಮತಿಯಿಲ್ಲದ ಫಲಕ ಕಟ್ಟಿದ ಕ್ಷಣದಿಂದಲೇ ಅಪರಾಧ. ದಂಡ 2,500 ಪೌಂಡುಗಳವರೆಗೆ. ತೆಗೆಯದೆ ಮುಂದುವರಿದರೆ ದಿನಕ್ಕೆ ಅದರ ಹತ್ತನೆಯ ಒಂದು ಭಾಗದವರೆಗೆ ಹೆಚ್ಚುವರಿ. ಇದಕ್ಕಿಂತ ಮುಖ್ಯವಾದುದು ಶಾಸನದ 224ನೆಯ ವಿಧಿ. ಫಲಕ ಪ್ರದರ್ಶಿಸಿದವನು ಯಾರು ಎಂಬ ಪ್ರಶ್ನೆಗೆ ಅದು ಕೊಡುವ ಉತ್ತರ: ಕಟ್ಟಿದ ಕೂಲಿಯವನಷ್ಟೇ ಅಲ್ಲ, ಜಾಗದ ಒಡೆಯನೂ ಹೌದು, ಯಾರ ಸರಕು, ವ್ಯಾಪಾರ ಅಥವಾ ವ್ಯವಹಾರಕ್ಕೆ ಆ ಫಲಕ ಪ್ರಚಾರ ಕೊಡುತ್ತದೆಯೋ ಅವನೂ ಹೌದು. 1839ರಲ್ಲಿ ನೆಮ್ಮದಿಯಾಗಿ ಮಲಗಿದ್ದವನನ್ನು ಕಾನೂನು ಕೊನೆಗೂ ಎಬ್ಬಿಸಿತು. ಯೋಚಿಸಿ ನೋಡಿದರೆ ಇದು ಸರಳ ತರ್ಕ. ಕಳ್ಳ ತನ್ನ ಹೆಸರನ್ನು ಮರೆಮಾಚುತ್ತಾನೆ. ಅಕ್ರಮ ಫಲಕದ ಫಲಾನುಭವಿ ಮಾತ್ರ ತನ್ನ ಹೆಸರು ಎಲ್ಲರಿಗೂ ಕಾಣಲೆಂದೇ ಈ ತಪ್ಪು ಮಾಡುತ್ತಾನೆ.

ಇದರಿಂದ ಎಲ್ಲವೂ ಸರಿಹೋಯಿತೆಂದು ತಾವು ಭಾವಿಸಬಾರದು. "ನಮ್ಮ ಒಪ್ಪಿಗೆ ಪಡೆಯದೆ ಯಾರೋ ಅಂಟಿಸಿದ್ದಾರೆ" ಎಂಬ ವಾದದಿಂದ ಹಲವು ಕಂಪನಿಗಳು ಪಾರಾಗುತ್ತಿದ್ದವು. 2004ರಲ್ಲಿ ಕ್ಯಾಮ್ಡೆನ್ ಬರೋ ಕೌನ್ಸಿಲು ಹೊಸ ಮಾರ್ಗ ಹಿಡಿಯಿತು. ಬೀದಿಯ ಪುಂಡಾಟಿಕೆಯನ್ನು ತಡೆಯಲೆಂದು ರೂಪಿಸಿದ್ದ ಸಮಾಜವಿರೋಧಿ ವರ್ತನೆಯ ಆಜ್ಞೆಯನ್ನು, ಎರಡು ದೊಡ್ಡ ಸಂಗೀತ ಕಂಪನಿಗಳ ಅಧಿಕಾರಿಗಳ ಮೇಲೆಯೇ ಹೊರಡಿಸುವಂತೆ ನ್ಯಾಯಾಲಯವನ್ನು ಕೋರಿತು. ಕಂಪನಿಗಳು ಇನ್ನು ಮುಂದೆ ಹಾಗೆ ಅಂಟಿಸುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಮರುವರ್ಷ, 2005ರಲ್ಲಿ, ಶಾಸನವನ್ನೇ ಬಿಗಿಗೊಳಿಸಿದರು. ಫಲಕದ ವಿಷಯ ಗೊತ್ತಿದ್ದೂ "ಒಪ್ಪಿಗೆ ಕೊಟ್ಟಿರಲಿಲ್ಲ" ಎಂದಷ್ಟೇ ಹೇಳಿದರೆ ಈಗ ಸಾಲದು. ತಡೆಯಲು ಅಥವಾ ತೆಗೆಸಲು ತಾನು ತಕ್ಕ ಕ್ರಮಗಳನ್ನೆಲ್ಲ ಕೈಗೊಂಡೆನೆಂದು ಆರೋಪಿಯೇ ತೋರಿಸಬೇಕು. ಇಷ್ಟಾದರೂ ಲಂಡನ್ನಿನ ಖಾಲಿ ಅಂಗಡಿಗಳ ಬಾಗಿಲಲ್ಲಿ ಭಿತ್ತಿಪತ್ರಗಳು ಕಾಣುತ್ತಲೇ ಇವೆ. ಆದರೆ ಅವು ಬೀದಿಯನ್ನು ಆಳುವುದಿಲ್ಲ.

ಇನ್ನು ನಮ್ಮ ನಾಡಿನ ಕಡೆ ಒಮ್ಮೆ ತಿರುಗೋಣ. ಕರ್ನಾಟಕದಲ್ಲಿ ತೆರೆದ ಸ್ಥಳಗಳ ವಿರೂಪವನ್ನು ತಡೆಯುವ ಕಾಯ್ದೆ ಬಂದದ್ದು 1981ರಲ್ಲಿ. ಅದು ವಿಧಿಸಿದ ಶಿಕ್ಷೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 1,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. ಬಟ್ಟೆಯ ಮೇಲೆ ಕೈಯಿಂದ ಬರೆಯುತ್ತಿದ್ದ ಕಾಲಕ್ಕೆ ಆ ಮೊತ್ತ ಸಣ್ಣದಾಗಿರಲಿಲ್ಲ. ಯಂತ್ರದಲ್ಲಿ ಮುದ್ರಿಸುವ ಫ್ಲೆಕ್ಸ್ ಬಂದ ಮೇಲೆ ಬೆಂಗಳೂರಿನ ಬರಹಗಾರ ಚಿತ್ರಕಾರರ ಗತಿ ಹಾರ್ಪ್ ಆಲಿಯವರಂತೆಯೇ ಆಯಿತು. 1,000 ರೂಪಾಯಿಯ ದಂಡವೋ, ದೊಡ್ಡ ಫ್ಲೆಕ್ಸೊಂದನ್ನು ಮುದ್ರಿಸಿ ಕಟ್ಟಿಸುವ ಖರ್ಚಿಗಿಂತ ಕಡಿಮೆಯಾಯಿತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. 2018ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟ್ ಕಟ್ಟುನಿಟ್ಟಾಗಿ ಆಜ್ಞಾಪಿಸಿದಾಗ, ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಕೆಲವೇ ದಿನಗಳಲ್ಲಿ ಸಾವಿರಾರು ಫ್ಲೆಕ್ಸ್‌ಗಳನ್ನು ಕಿತ್ತು ಹಾಕಿತು. ಒಂದು ವರ್ಷ ಕಾಲ ಹೊರಾಂಗಣ ಜಾಹೀರಾತೇ ಬೇಡವೆಂದು ಪಾಲಿಕೆಯ ಸಭೆ ಅದೇ ತಿಂಗಳು ನಿರ್ಣಯಿಸಿತು. ನಗರದ ಜನ ಬಹುಕಾಲದ ನಂತರ ತಮ್ಮ ಮರಗಳನ್ನೂ ಕಟ್ಟಡಗಳನ್ನೂ ಕಂಡರು. ಆದರೆ 2023ರಲ್ಲಿ ಅದೇ ಹೈಕೋರ್ಟ್ ಅದೇ ವಿಷಯಕ್ಕಾಗಿ ಅದೇ ಪಾಲಿಕೆಯನ್ನು ಮತ್ತೆ ಎಚ್ಚರಿಸಬೇಕಾಯಿತು. 2025ರಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದಿವೆ. ಹಳೆಯ ಪ್ರಶ್ನೆ ಈಗ ಅವುಗಳ ಮುಂದಿದೆ.

ನಮ್ಮ ಫ್ಲೆಕ್ಸ್‌ಗಳನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಮಧ್ಯದಲ್ಲಿ ನಾಯಕರ ದೊಡ್ಡ ಭಾವಚಿತ್ರ, ಕೆಳಗೆ "ಶುಭ ಕೋರುವವರು" ಎಂದು ಸಾಲು ಸಾಲು ಮುಖಗಳು, ಪ್ರತಿ ಮುಖದ ಕೆಳಗೆ ಹೆಸರು. ಹೊಣೆಗಾರರ ಪಟ್ಟಿ ಅಧಿಕಾರಿಯ ಕಣ್ಣ ಮುಂದೆಯೇ ಇರುತ್ತದೆ, ಭಾವಚಿತ್ರ ಸಮೇತ. ಅವನಿಗೆ ಇಲ್ಲದಿರುವುದು ಮಾಹಿತಿಯಲ್ಲ. ಆ ಹೆಸರುಗಳ ಎದುರು ನಿಲ್ಲಬಲ್ಲ ರಕ್ಷಣೆ. ಹೀಗಾಗಿ ಬೀದಿಬದಿಯ ಸಣ್ಣ ಅಂಗಡಿಯವನ ಹಲಗೆ ಮೊದಲು ಲಾರಿ ಏರುತ್ತದೆ, ನಾಯಕರ ಹುಟ್ಟುಹಬ್ಬದ ಕಮಾನು ಹಬ್ಬ ಮುಗಿಯುವವರೆಗೂ ನಿಂತಿರುತ್ತದೆ.

ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ. 2019ರ ಸೆಪ್ಟೆಂಬರಿನಲ್ಲಿ ಚೆನ್ನೈನಲ್ಲಿ ಮದುವೆಯ ಸ್ವಾಗತಕ್ಕೆಂದು ಅಕ್ರಮವಾಗಿ ಕಟ್ಟಿದ ಬ್ಯಾನರೊಂದು ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ 23 ವರ್ಷದ ತರುಣಿಯ ಮೇಲೆ ಬಿದ್ದು, ಆಕೆ ಹಿಂದೆ ಬರುತ್ತಿದ್ದ ಟ್ಯಾಂಕರಿನಡಿ ಸಿಕ್ಕಿ ಮೃತಳಾದಳು. 2024ರ ಮೇ 13ರಂದು ಮುಂಬಯಿಯ ಘಾಟ್‌ಕೋಪರಿನಲ್ಲಿ, 40 ಅಡಿಯ ಮಿತಿಯಿದ್ದಲ್ಲಿ 120 ಅಡಿ ಉದ್ದ, 120 ಅಡಿ ಎತ್ತರಕ್ಕೆ ನಿಲ್ಲಿಸಿದ್ದ ಹೋರ್ಡಿಂಗ್ ಬಿರುಗಾಳಿಗೆ ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಮಂದಿ ಸತ್ತರು. ಬ್ರೈಡ್ ಲೇನಿನ ನಾಲ್ವರಿಗೂ ಇವರಿಗೂ ನಡುವೆ ಮುನ್ನೂರು ವರ್ಷಗಳ ಅಂತರ. ಸಾವಿನ ಕಾರಣ ಒಂದೇ: ಅಳತೆಯ ನಿಯಮವಿತ್ತು, ಅಳೆಯುವವರಿರಲಿಲ್ಲ.

ಲಂಡನ್ನಿನ ಇತಿಹಾಸವನ್ನು ನಮ್ಮ ನಗರಗಳಿಗೆ ಅಚ್ಚಾಗಿ ಒತ್ತಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅದರಿಂದ ಮೂರು ಮಾತುಗಳನ್ನು ಕಲಿಯಬಹುದು. ಫಲಕ ಪೂರೈಸುವ ಅಗತ್ಯಕ್ಕೆ ಬದಲಿಯೊಂದನ್ನು ಒದಗಿಸದೆ ನಿಷೇಧ ನಿಲ್ಲುವುದಿಲ್ಲ. ಬೀದಿಯ ಹೊಣೆ ಹೊತ್ತ ಸಂಸ್ಥೆಗೆ ಸ್ವಂತ ಹಣ, ಸ್ವಂತ ಕೈ, ನಿತ್ಯದ ಕೆಲಸ ಇರಬೇಕು. ನ್ಯಾಯಾಲಯ ಗದರಿಸಿದಾಗ ಮಾತ್ರ ಎಚ್ಚರಗೊಳ್ಳುವುದು ಆಡಳಿತವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕಾನೂನಿನ ಬೆರಳು ಅಂಟು ಹಚ್ಚಿದ ಕೈಯನ್ನಲ್ಲ, ಫಲಕದ ಮೇಲಿನ ಹೆಸರನ್ನು ತೋರಿಸಬೇಕು. ಈ ಮೂರನ್ನೂ ಒಂದೆಡೆ ಸೇರಿಸಲು ಲಂಡನ್ ನಗರಕ್ಕೆ ಆರು ಶತಮಾನಗಳು ಬೇಕಾದವು. ಅದರ ಅನುಭವ ಕಣ್ಣ ಮುಂದಿರುವಾಗ ನಮ್ಮ ಊರುಗಳಿಗೆ ಅಷ್ಟು ಕಾಲ ಬೇಕಾಗಿಲ್ಲ.